ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಾಲಿಬಾಲ್ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪ್ರಾಥಮಿಕ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು, ಪಿ.ಟಿ. ಅವಧಿಯನ್ನೂ ತಾವೇ ನೋಡಿಕೊಳ್ಳಬೇಕಾದ ತರಗತಿ ಶಿಕ್ಷಕರು ಮತ್ತು ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮೂರರಿಂದ ಏಳನೆಯ ತರಗತಿಯವರೆಗಿನ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಶಾಲಾ ತಂಡವನ್ನು ಪಂದ್ಯಕ್ಕೆ ಸಿದ್ಧಪಡಿಸುವ ವಿಷಯ ಇಲ್ಲಿ ಬರುವುದಿಲ್ಲ. ತರಗತಿಯ ಪ್ರತಿಯೊಂದು ಮಗುವಿಗೂ ಆಟದ ಮೊದಲ ಪಾಠಗಳನ್ನು ಹೇಗೆ ತಲುಪಿಸಬೇಕು ಎಂಬುದಷ್ಟೇ ಇದರ ವ್ಯಾಪ್ತಿ.

ಯಾವ ತರಗತಿಯಿಂದ ವಾಲಿಬಾಲ್ ಆರಂಭಿಸಬಹುದು?

ಮೂರನೆಯ ತರಗತಿಯಿಂದ, ಅಂದರೆ ಸುಮಾರು ಎಂಟು ವರ್ಷ ವಯಸ್ಸಿನಿಂದ ಆರಂಭಿಸಬಹುದು. ಅದಕ್ಕೂ ಚಿಕ್ಕ ಮಕ್ಕಳಿಗೆ ಬಲೂನು ನೆಲಕ್ಕೆ ಬೀಳದಂತೆ ತಟ್ಟುತ್ತಿರುವುದು, ಎತ್ತರಕ್ಕೆ ಎಸೆದ ಚೆಂಡು ಒಮ್ಮೆ ಪುಟಿದ ಮೇಲೆ ಹಿಡಿಯುವುದು, ಹಗ್ಗದ ಆಚೆಗೆ ಚೆಂಡು ಎಸೆಯುವುದು ಇಷ್ಟು ಸಾಕು.

ಇದಕ್ಕೆ ಕಾರಣವಿದೆ. ಕಬಡ್ಡಿ, ಖೋ-ಖೋ ಆಟಗಳಲ್ಲಿ ಮಗುವಿಗೆ ಓಡುವುದು ಮತ್ತು ಮುಟ್ಟುವುದು ಮೊದಲೇ ಗೊತ್ತಿರುತ್ತದೆ. ಕ್ರಿಕೆಟ್‌ನಲ್ಲಿ ಚೆಂಡು ಕೈಗೆ ಸಿಕ್ಕ ಮೇಲೆ ಯಾವ ಕಡೆಗೆ ಎಸೆಯಬೇಕೆಂದು ಯೋಚಿಸಲು ಕ್ಷಣಕಾಲ ಅವಕಾಶವಿರುತ್ತದೆ. ವಾಲಿಬಾಲ್‌ನಲ್ಲಿ ಚೆಂಡನ್ನು ಹಿಡಿಯುವಂತಿಲ್ಲ. ಆದ್ದರಿಂದ ಎಲ್ಲಿ ನಿಲ್ಲಬೇಕು, ಯಾವ ಕಡೆಗೆ ಕಳುಹಿಸಬೇಕು ಎಂಬ ಎರಡೂ ತೀರ್ಮಾನಗಳನ್ನು ಚೆಂಡು ಬಂದು ತಲುಪುವ ಮೊದಲೇ ಮಾಡಿರಬೇಕು. 1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಈ ಆಟವನ್ನು ರೂಪಿಸಿದ್ದು ಬ್ಯಾಸ್ಕೆಟ್‌ಬಾಲ್ ಆಡಿ ದಣಿಯಲು ಇಷ್ಟವಿಲ್ಲದ ನಡುವಯಸ್ಸಿನ ಗಂಡಸರಿಗಾಗಿ ಎಂಬುದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಇದರ ಅಂಕಣ, ನೆಟ್, ಚೆಂಡು ಯಾವುದರ ಅಳತೆಯೂ ಮಕ್ಕಳಿಗಾಗಿ ಗೊತ್ತುಪಡಿಸಿದ್ದಲ್ಲ. ಆದ್ದರಿಂದ ಆ ಅಳತೆಗಳನ್ನೆಲ್ಲ ಮಗುವಿನ ಮಟ್ಟಕ್ಕೆ ಇಳಿಸುವುದೇ ಶಿಕ್ಷಕರ ಮೊದಲ ಕೆಲಸ.

ನಮ್ಮ ಶಾಲೆಯಲ್ಲಿ ವಾಲಿಬಾಲ್ ಅಂಕಣವಿಲ್ಲ. ಇರುವುದು ಪ್ರಾರ್ಥನೆಗೆ ನಿಲ್ಲುವ ಅಂಗಳ ಮಾತ್ರ. ಅಲ್ಲಿ ಕಲಿಸಬಹುದೇ?

ಖಂಡಿತ ಕಲಿಸಬಹುದು. ಪೂರ್ಣ ಅಂಕಣದ ಅಳತೆ 18 ಮೀಟರ್ ಉದ್ದ ಮತ್ತು 9 ಮೀಟರ್ ಅಗಲ. ಆ ಅಳತೆಯ ಜಾಗವಿದ್ದರೂ ಪ್ರಾಥಮಿಕ ಮಕ್ಕಳನ್ನು ಆರು ಆರರಂತೆ ಎರಡು ಬದಿಗೆ ನಿಲ್ಲಿಸಿ ಆಡಿಸುವುದು ಜಾಗವನ್ನೂ ಸಮಯವನ್ನೂ ಪೋಲು ಮಾಡಿದಂತೆ. ಐವತ್ತು ಮಕ್ಕಳ ತರಗತಿಯಲ್ಲಿ ಹನ್ನೆರಡು ಮಂದಿ ಆಡುತ್ತಾರೆ, ಉಳಿದ ಮೂವತ್ತೆಂಟು ಮಂದಿ ಗೋಡೆಗೆ ಒರಗಿ ನಿಂತಿರುತ್ತಾರೆ. ಆಡುವ ಹನ್ನೆರಡರಲ್ಲಿಯೂ ಚೆಂಡು ಮುಟ್ಟುವವರು ಮೂರೋ ನಾಲ್ಕೋ ಮಂದಿ.

ಇದಕ್ಕೆ ಬದಲಾಗಿ 18 ಮೀಟರ್ ಉದ್ದಕ್ಕೂ, ಅಂಗಳದ ನಡುಭಾಗದಲ್ಲಿ, ಒಂದೇ ಹಗ್ಗವನ್ನು ಕಟ್ಟಬೇಕು. ಹಗ್ಗಕ್ಕೆ ಅಡ್ಡವಾಗಿ ಪ್ರತಿ ನಾಲ್ಕೂವರೆ ಮೀಟರಿಗೆ ಒಂದು ಗೆರೆ ಎಳೆದರೆ ನಾಲ್ಕು ಪುಟ್ಟ ಅಂಕಣಗಳಾಗುತ್ತವೆ. ಪ್ರತಿಯೊಂದೂ ನಾಲ್ಕೂವರೆ ಮೀಟರ್ ಅಗಲ, ಹಗ್ಗದ ಎರಡೂ ಬದಿಗೆ ನಾಲ್ಕೂವರೆ ಮೀಟರಿನಷ್ಟು ಆಳ. ಒಂದೊಂದರಲ್ಲಿ ಮೂರು ಮೂರು ಮಂದಿಯಂತೆ ಆಡಿದರೆ ಇಪ್ಪತ್ತನಾಲ್ಕು ಮಕ್ಕಳು ಏಕಕಾಲಕ್ಕೆ ಆಟದಲ್ಲಿರುತ್ತಾರೆ. ಅಂಗಳ ಇನ್ನೂ ಚಿಕ್ಕದಾಗಿದ್ದರೆ ಮೂರು ಮೀಟರ್ ಅಗಲದ ಪಟ್ಟಿಗಳನ್ನು ಮಾಡಿ ಇಬ್ಬಿಬ್ಬರನ್ನು ಆಡಿಸಬಹುದು. ಹಗ್ಗ ಕಟ್ಟಲು ಕಂಬಗಳೇ ಬೇಕೆಂದಿಲ್ಲ. ಒಂದು ತುದಿಯನ್ನು ವರಾಂಡದ ಕಂಬಕ್ಕೂ ಇನ್ನೊಂದನ್ನು ಅಂಗಳದ ಹೊಂಗೆ ಮರಕ್ಕೂ ಕಟ್ಟಿದರೆ ಸಾಕು. ತೆಳುವಾದ ಹಗ್ಗ ಆಟದ ರಭಸದಲ್ಲಿ ಕಣ್ಣಿಗೆ ಕಾಣದೆ ಹೋಗುವುದರಿಂದ ಅದರ ಮೇಲೆ ಹಳೆಯ ದುಪಟ್ಟಾಗಳನ್ನೋ ಬಣ್ಣದ ರಿಬ್ಬನ್‌ಗಳನ್ನೋ ಒಂದೊಂದು ಅಡಿಗೆ ಇಳಿಬಿಡಬೇಕು.

ಗೆರೆ ಎಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಮೈದಾನಕ್ಕೆ ಸುಣ್ಣದ ಪುಡಿ ಹಾಕುವ ರೂಢಿ ಇನ್ನೂ ಕೆಲವೆಡೆ ಇದೆ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ; ಚೆಂಡಿಗೆ ಮೆತ್ತಿಕೊಂಡ ಪುಡಿಯೇ ಮುಖದವರೆಗೆ ಬರುತ್ತದೆ. ರಂಗೋಲಿ ಪುಡಿ ಅಥವಾ ಸಿಮೆಂಟ್ ನೆಲವಾದರೆ ಸೀಮೆಸುಣ್ಣ ಬಳಸುವುದು ಕ್ಷೇಮ.

ರಸ್ತೆಗೆ ಅಂಟಿಕೊಂಡ ಶಾಲೆಗಳಲ್ಲಿ ಚೆಂಡು ಕಾಂಪೌಂಡ್ ದಾಟುವುದು ದಿನನಿತ್ಯದ ತಲೆನೋವು. ಹಗ್ಗವನ್ನು ಕಾಂಪೌಂಡಿಗೆ ಲಂಬವಾಗಿ ಕಟ್ಟಿದರೆ ಚೆಂಡು ಗೋಡೆಗೆ ಸಮಾನಾಂತರವಾಗಿ ಹೋಗಿಬರುತ್ತದೆ, ಆಚೆ ಹಾರುವುದು ಬಹಳ ಕಡಿಮೆಯಾಗುತ್ತದೆ. ಹಾರಿದ ಚೆಂಡನ್ನು ತರಲು ಯಾವ ಕಾರಣಕ್ಕೂ ಮಕ್ಕಳನ್ನು ರಸ್ತೆಗೆ ಕಳುಹಿಸಕೂಡದು.

ಹಗ್ಗ ಅಥವಾ ನೆಟ್ ಎಷ್ಟು ಎತ್ತರದಲ್ಲಿರಬೇಕು?

ದೊಡ್ಡವರ ಪಂದ್ಯಗಳಲ್ಲಿ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್. ಮಕ್ಕಳಿಗೆ ಈ ಅಂಕಿಗಳನ್ನು ಮರೆತುಬಿಡಬೇಕು. ತರಗತಿಯ ಸರಾಸರಿ ಎತ್ತರದ ಮಗುವೊಂದನ್ನು ಹಗ್ಗದ ಬಳಿ ನಿಲ್ಲಿಸಿ ಕೈ ಮೇಲೆತ್ತಲು ಹೇಳಿ, ಬೆರಳ ತುದಿ ಮುಟ್ಟುವಷ್ಟು ಎತ್ತರಕ್ಕೆ ಹಗ್ಗ ಕಟ್ಟುವುದು ನಾವು ಅನುಸರಿಸುವ ಸುಲಭ ಕ್ರಮ. ಹೀಗೆ ಕಟ್ಟಿದರೆ ಮೂರು ಮತ್ತು ನಾಲ್ಕನೆಯ ತರಗತಿಗೆ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು, ಏಳನೆಯ ತರಗತಿಗೆ ಎರಡು ಮೀಟರಿನ ಆಸುಪಾಸು ಬರುತ್ತದೆ. ಹಗ್ಗ ತೀರಾ ತಗ್ಗಾದರೂ ತೊಂದರೆಯೇ: ಮಕ್ಕಳು ಚೆಂಡನ್ನು ಎತ್ತಿ ಆಡುವುದನ್ನು ಬಿಟ್ಟು ನೇರವಾಗಿ ಎದುರಿನವರ ಮುಖಕ್ಕೆ ಬಾರಿಸಲು ಶುರು ಮಾಡುತ್ತಾರೆ.

ಯಾವ ಚೆಂಡು ಬಳಸಬೇಕು? ಎಷ್ಟು ಚೆಂಡುಗಳು ಬೇಕು?

ಪ್ರಮಾಣಿತ ವಾಲಿಬಾಲ್ 260ರಿಂದ 280 ಗ್ರಾಂ ತೂಗುತ್ತದೆ, ಸುತ್ತಳತೆ 65ರಿಂದ 67 ಸೆಂಟಿಮೀಟರ್. ಎಂಟು ವರ್ಷದ ಮಗುವಿನ ಮುಂಗೈಗೆ ಇದು ಭಾರವೇ ಸರಿ. ಅದರಲ್ಲೂ ಗಾಳಿ ಬಿಗಿಯಾಗಿ ತುಂಬಿದ, ಹೊರಮೈ ಒರಟಾದ, ಹಳೆಯ ರಬ್ಬರ್ ಚೆಂಡಿನಿಂದ ಕಲಿಕೆ ಶುರು ಮಾಡಿದರೆ ಮಗು ಮೊದಲ ದಿನವೇ ನೋವನ್ನು ಕಲಿಯುತ್ತದೆ, ಎರಡನೆಯ ದಿನ ಚೆಂಡು ಬಂದಾಗ ಕಣ್ಣು ಮುಚ್ಚುವುದನ್ನು ಕಲಿಯುತ್ತದೆ. ಕಣ್ಣು ಮುಚ್ಚುವ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡಿಸಲು ತಿಂಗಳುಗಳೇ ಬೇಕು.

ಮೊದಲು ಬಲೂನು, ನಂತರ ಗಾಳಿ ತುಂಬುವ ಪ್ಲಾಸ್ಟಿಕ್ ಬೀಚ್ ಚೆಂಡು, ಆಮೇಲೆ ಮಕ್ಕಳಿಗಾಗಿಯೇ ಸಿಗುವ ಸುಮಾರು 200 ಗ್ರಾಂ ತೂಕದ ಮೆತ್ತನೆಯ ವಾಲಿಬಾಲ್ ಎಂಬ ಕ್ರಮ ಅತ್ಯುತ್ತಮ. ಬಲೂನು ನಿಧಾನವಾಗಿ ಇಳಿಯುವುದರಿಂದ ಮಗುವಿಗೆ ಅದರ ಕೆಳಗೆ ಹೋಗಿ ನಿಲ್ಲಲು ಸಮಯ ಸಿಗುತ್ತದೆ. ಹಗುರ ಚೆಂಡು ಕೊಳ್ಳಲು ಶಾಲೆಯ ಬಳಿ ಹಣವಿಲ್ಲದಿದ್ದರೆ ಇರುವ ಚೆಂಡಿನ ಗಾಳಿಯನ್ನೇ ಸ್ವಲ್ಪ ಇಳಿಸಬಹುದು. ಪುಟಿತ ಕಡಿಮೆಯಾಗುತ್ತದೆ, ಆದರೆ ಕೈ ಉರಿಯುವುದಿಲ್ಲ.

ಇಬ್ಬರು ಮಕ್ಕಳಿಗೆ ಒಂದು ಚೆಂಡು ಎಂಬುದು ಆದರ್ಶ, ನಾಲ್ವರಿಗೆ ಒಂದು ಎಂಬುದು ಸಾಧಿಸಬಹುದಾದ ಗುರಿ. ಒಂದು ದುಬಾರಿ ಪಂದ್ಯದ ಚೆಂಡಿನ ಬೆಲೆಯಲ್ಲಿ ಹಲವು ಸಾಧಾರಣ ಚೆಂಡುಗಳು ಬರುವುದಾದರೆ ಎರಡನೆಯದನ್ನೇ ಕೊಳ್ಳಬೇಕು. ಈ ಮಾತನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುವುದು ಕೆಲವೊಮ್ಮೆ ಮಕ್ಕಳಿಗೆ ಸರ್ವಿಸ್ (ಆಟ ಶುರು ಮಾಡುವ ಹೊಡೆತ) ಕಲಿಸುವುದಕ್ಕಿಂತ ಕಷ್ಟವಾಗುತ್ತದೆ.

ನಮ್ಮ ಮಕ್ಕಳು ಥ್ರೋಬಾಲ್ ಆಡಿ ಬೆಳೆದವರು. ಚೆಂಡು ಬಂದ ಕೂಡಲೇ ಹಿಡಿದುಬಿಡುತ್ತಾರೆ. ಏನು ಮಾಡುವುದು?

ಬೆಂಗಳೂರಿನ ಶಾಲೆಗಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಥ್ರೋಬಾಲ್ ಬಹಳ ಪರಿಚಿತ ಆಟ. ಅದರಲ್ಲಿ ಚೆಂಡನ್ನು ಹಿಡಿದು, ಮೂರು ಸೆಕೆಂಡಿನೊಳಗೆ ಮರಳಿ ಎಸೆಯಬೇಕು. ಇದನ್ನು ಅನೇಕ ಶಿಕ್ಷಕರು ಅಡ್ಡಿಯೆಂದು ಭಾವಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯ ಬುನಾದಿ ಸಿಗುವುದು ಕಷ್ಟ, ಏಕೆಂದರೆ ಚೆಂಡಿನ ದಾರಿಯನ್ನು ಓದಿ ಅದರ ಹಿಂದೆ ಮೈಯನ್ನು ತರುವ ವಿದ್ಯೆ ಆ ಮಕ್ಕಳಿಗೆ ಆಗಲೇ ಬಂದಿರುತ್ತದೆ. ಉಳಿದಿರುವುದು ಹಿಡಿತವನ್ನು ಹಂತ ಹಂತವಾಗಿ ಕಳಚುವುದು ಮಾತ್ರ.

ಮೊದಲ ಹಂತದಲ್ಲಿ ಮೂವರ ಎರಡು ತಂಡಗಳು ಹಗ್ಗದ ಎರಡು ಬದಿಯಲ್ಲಿ ನಿಂತು, ಬಂದ ಚೆಂಡನ್ನು ಹಿಡಿದು, ತಮ್ಮಲ್ಲೇ ಒಬ್ಬರಿಂದ ಒಬ್ಬರಿಗೆ ಎಸೆದು, ಮೂರನೆಯವರು ಆಚೆಗೆ ಕಳುಹಿಸಬೇಕು. ಮೂರು ಸ್ಪರ್ಶದೊಳಗೆ ಚೆಂಡನ್ನು ಆಚೆಗೆ ಕಳುಹಿಸಬೇಕೆಂಬ ನಿಯಮ ಇಲ್ಲಿಯೇ ಮನದಟ್ಟಾಗುತ್ತದೆ. ಮುಂದೆ ಅದನ್ನು ವಿವರಿಸುವ ಅಗತ್ಯವೇ ಬರುವುದಿಲ್ಲ. ಎರಡನೆಯ ಹಂತದಲ್ಲಿ ಮೊದಲ ಚೆಂಡನ್ನು ಹಿಡಿಯಬಹುದು, ಆದರೆ ಹಿಡಿದವರು ತಲೆಯ ಮೇಲೆ ತಾವೇ ಸ್ವಲ್ಪ ಎತ್ತಿಕೊಂಡು ಬೆರಳಿನಿಂದ ಸಂಗಡಿಗರಿಗೆ ಪಾಸ್ ಮಾಡಬೇಕು. ಮೂರನೆಯ ಹಂತದಲ್ಲಿ ಮೊದಲ ಚೆಂಡನ್ನು ಮುಂಗೈಯಿಂದ ಎತ್ತಬೇಕು, ಎರಡನೆಯವರು ಮಾತ್ರ ಹಿಡಿಯಬಹುದು. ಇದಾದ ಮೇಲೆ ಹಿಡಿಯುವುದನ್ನು ಪೂರ್ತಿ ನಿಲ್ಲಿಸಿ, ಅದರ ಬದಲಿಗೆ ಚೆಂಡು ಒಮ್ಮೆ ನೆಲಕ್ಕೆ ಪುಟಿಯಲು ಅವಕಾಶ ಕೊಡಬೇಕು. ಆ ಪುಟಿತವನ್ನೂ ತೆಗೆದುಹಾಕಿದ ದಿನ ಮಕ್ಕಳು ಆಡುತ್ತಿರುವುದು ವಾಲಿಬಾಲ್.

ಒಂದು ಹಂತದಿಂದ ಮುಂದಿನದಕ್ಕೆ ಯಾವಾಗ ಹೋಗಬೇಕೆಂಬುದನ್ನು ತಿಂಗಳ ಲೆಕ್ಕದಲ್ಲಿ ನಿರ್ಧರಿಸಬಾರದು. ಚೆಂಡು ಹಗ್ಗದ ಮೇಲೆ ನಾಲ್ಕೈದು ಸಲ ಹೋಗಿಬಂದರೆ ಮುಂದಿನ ಹಂತಕ್ಕೆ ಹೋಗಬಹುದು. ಪ್ರತಿ ಸಲ ಮೊದಲ ಚೆಂಡೇ ನೆಲಕ್ಕೆ ಬೀಳುತ್ತಿದ್ದರೆ ಒಂದು ಹೆಜ್ಜೆ ಹಿಂದೆ ಬರಬೇಕು. ಒಂದೇ ತರಗತಿಯ ಬೇರೆ ಬೇರೆ ಪುಟ್ಟ ಅಂಕಣಗಳಲ್ಲಿ ಬೇರೆ ಬೇರೆ ಹಂತದ ಆಟ ನಡೆಯುವುದರಲ್ಲಿ ತಪ್ಪೇನೂ ಇಲ್ಲ.

ಅಂಡರ್‌ಹ್ಯಾಂಡ್ ಪಾಸನ್ನು ಹೇಗೆ ಕಲಿಸಬೇಕು?

ಮುಂಗೈಯಿಂದ ಚೆಂಡನ್ನು ಎತ್ತುವ ಈ ಪಾಸೇ ಆಟದ ಬೆನ್ನೆಲುಬಾದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ.

ಒಂದು ಕೈಯ ಬೆರಳುಗಳ ಮೇಲೆ ಇನ್ನೊಂದು ಕೈಯ ಬೆರಳುಗಳನ್ನಿಟ್ಟು, ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಮುಂದಕ್ಕೆ ಚಾಚಬೇಕು. ಬೆರಳುಗಳನ್ನು ಒಂದರೊಳಗೊಂದು ಹೆಣೆಯಬಾರದು. ಚೆಂಡು ತಪ್ಪಿ ಅಲ್ಲಿಗೆ ಬಡಿದರೆ ಬೆರಳು ತಿರುಚಿಕೊಳ್ಳುತ್ತದೆ. ಮೊಣಕೈ ನೇರವಾಗಿರಬೇಕು, ಮಣಿಕಟ್ಟು ತುಸು ಕೆಳಕ್ಕೆ ಬಾಗಿರಬೇಕು. ಚೆಂಡು ತಾಗಬೇಕಾದ ಜಾಗ ಮಣಿಕಟ್ಟಿಗಿಂತ ಸ್ವಲ್ಪ ಮೇಲಿನ ಮಾಂಸಲ ಭಾಗ. ಈ ಜಾಗವನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲ. ಕೈ ಜೋಡಿಸಿ ನಿಂತ ಮಗುವಿನ ಮುಂಗೈಗಳ ಮೇಲೆ ಜೊತೆಗಾರನು ಚೆಂಡನ್ನು ಇಟ್ಟು, ಮೊಣಕೈಯಿಂದ ಮಣಿಕಟ್ಟಿನವರೆಗೆ ಮೆಲ್ಲನೆ ಉರುಳಿಸಿ ನಿಲ್ಲಿಸಲಿ. ಎಲ್ಲಿ ಎರಡು ಕೈಗಳೂ ಸಮನಾಗಿ ಚೆಂಡನ್ನು ಹೊರುತ್ತವೆಯೋ ಅದೇ ಜಾಗವೆಂದು ಮಗುವಿಗೆ ತಾನಾಗಿ ಗೊತ್ತಾಗುತ್ತದೆ. ಹೀಗೆ ಉರುಳಿಸುವಾಗ ಬಹುಪಾಲು ಮಕ್ಕಳು ಕಚಗುಳಿಯಾಗಿ ನಗುತ್ತಾರೆ, ನಗಲು ಬಿಡಬೇಕು.

ನಂತರ ಇಬ್ಬರು ಎರಡು ಮೂರು ಮೀಟರ್ ದೂರದಲ್ಲಿ ಎದುರು ಬದುರು ನಿಲ್ಲಬೇಕು. ಒಬ್ಬರು ಎರಡೂ ಕೈಗಳಿಂದ, ಕೆಳಗಿನಿಂದ, ಕಮಾನಿನಂತೆ ಚೆಂಡು ಎಸೆಯಬೇಕು. ಇನ್ನೊಬ್ಬರು ಅದನ್ನು ಅವರಿಗೇ ಮರಳಿಸಬೇಕು. ಇಲ್ಲಿ ಎಸೆಯುವವರ ಪಾತ್ರ ಅರ್ಧ ಪಾಲಿನದು. ಒರಟಾಗಿ ಎಸೆದ ಚೆಂಡಿನಿಂದ ಯಾರೂ ಪಾಸ್ ಕಲಿಯಲಾರರು, ಹೀಗಾಗಿ ಚೆನ್ನಾಗಿ ಎಸೆಯುವುದನ್ನೇ ಮೊದಲು ಹತ್ತು ನಿಮಿಷ ಕಲಿಸಿದರೂ ನಷ್ಟವಿಲ್ಲ.

ಸಾಮಾನ್ಯವಾಗಿ ಕಾಣುವ ತಪ್ಪು ಕೈ ಬೀಸುವುದು. ಚೆಂಡು ಬಂದಾಗ ಮಗು ಜೋಡಿಸಿದ ಕೈಗಳನ್ನು ತಲೆಯ ಮೇಲಕ್ಕೆ ಬೀಸುತ್ತದೆ, ಚೆಂಡು ಬೆನ್ನ ಹಿಂದೆ ಹಾರುತ್ತದೆ. ‘ಬೀಸಬೇಡ’ ಎಂದು ಹತ್ತು ಸಲ ಕೂಗುವುದಕ್ಕಿಂತ ಮಗುವನ್ನು ಬೆಂಚಿನ ಅಂಚಿನಲ್ಲಿ ಕೂರಿಸಿ, ಚೆಂಡು ತಾಗುವಾಗ ಎದ್ದು ನಿಲ್ಲಲು ಹೇಳುವುದು ಪರಿಣಾಮಕಾರಿ. ಬಲ ಕಾಲುಗಳಿಂದ ಬರಬೇಕು, ಕೈಗಳು ದಿಕ್ಕು ತೋರಿಸಿದರೆ ಸಾಕು ಎಂಬ ಪಾಠ ಆ ಏಳುವ ಚಲನೆಯಲ್ಲಿಯೇ ಅಡಗಿದೆ. ಇನ್ನೊಂದು ತಪ್ಪು ಮೊಣಕೈ ಮಡಿಸುವುದು. ಆಗ ಚೆಂಡು ಎದೆಗೋ ಗಲ್ಲಕ್ಕೋ ಬಡಿಯುತ್ತದೆ. ಚೆಂಡು ತಾಗಿದ ಮೇಲೆ ಕೈಗಳು ಭುಜದ ಮಟ್ಟ ದಾಟದಂತೆ ಹಾಗೆಯೇ ನಿಲ್ಲಿಸಿ ತೋರಿಸಲು ಹೇಳಿದರೆ ಎರಡೂ ತಪ್ಪುಗಳು ಒಟ್ಟಿಗೇ ತಿದ್ದಿಕೊಳ್ಳುತ್ತವೆ.

ಬೆರಳಿನಿಂದ ಮಾಡುವ ಓವರ್‌ಹೆಡ್ ಪಾಸನ್ನು ಮೊದಲು ಕಲಿಸಬೇಕೇ, ನಂತರವೇ?

ಶಿಕ್ಷಕರಲ್ಲಿ ಈ ವಿಷಯದಲ್ಲಿ ಎರಡು ಪಂಥಗಳಿವೆ. ಹಗುರ ಚೆಂಡು ಅಥವಾ ಬಲೂನು ಇದ್ದರೆ ಬೆರಳಿನ ಪಾಸನ್ನೇ ಮೊದಲು ಕಲಿಸುವುದು ನಮಗೆ ಸರಿ ಕಾಣುತ್ತದೆ, ಏಕೆಂದರೆ ಚೆಂಡು ಕಣ್ಣ ಮುಂದೆಯೇ ಇರುತ್ತದೆ ಮತ್ತು ಕೈಗಳ ಸಹಜ ಚಲನೆಗೆ ಇದು ಹತ್ತಿರ. ಭಾರದ ಚೆಂಡು ಮಾತ್ರ ಇದ್ದರೆ ಮುಂಗೈ ಪಾಸಿನಿಂದಲೇ ಆರಂಭಿಸಬೇಕು.

ದೊಡ್ಡ ಬೋಗುಣಿಯೊಂದನ್ನು ತಲೆಯ ಮೇಲೆ ಬೋರಲಾಗಿ ಹಿಡಿದಂತೆ ಬೆರಳುಗಳು ಅರಳಿರಬೇಕು. ಎರಡು ಹೆಬ್ಬೆರಳು ಮತ್ತು ಎರಡು ತೋರುಬೆರಳುಗಳ ನಡುವೆ ತ್ರಿಕೋನದ ಕಿಂಡಿ ಕಾಣಬೇಕು, ಆ ಕಿಂಡಿಯ ಮೂಲಕ ಮಗು ಚೆಂಡನ್ನು ನೋಡಬೇಕು. ಚೆಂಡು ಹಣೆಯ ಮೇಲೆ, ಒಂದು ಗೇಣು ದೂರದಲ್ಲಿ ಬೆರಳಿನ ತುದಿಗಳಿಗೆ ತಾಗಬೇಕು; ಅಂಗೈಗೆ ತಾಗಿ ‘ಟಪ್’ ಎಂಬ ಸದ್ದು ಬಂದರೆ ತಪ್ಪಾಗಿದೆ ಎಂದರ್ಥ. ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ಕೇಳಿ ಈ ತಪ್ಪನ್ನು ಹಿಡಿಯುವುದು ಸುಲಭ, ಹಾಗಾಗಿ ಇಪ್ಪತ್ತು ಜೋಡಿಗಳು ಒಟ್ಟಿಗೆ ಅಭ್ಯಾಸ ಮಾಡುವಾಗಲೂ ಶಿಕ್ಷಕರಿಗೆ ಯಾವ ಮೂಲೆಯಲ್ಲಿ ತಿದ್ದುಪಡಿ ಬೇಕೆಂದು ತಿಳಿಯುತ್ತದೆ. ಗೋಡೆಗೆ ಒಂದು ವೃತ್ತ ಬರೆದು ಅದಕ್ಕೆ ಬೆರಳಿನಿಂದ ಚೆಂಡು ಕಳುಹಿಸುತ್ತಿರುವುದು ಒಬ್ಬರೇ ಮಾಡಬಹುದಾದ ಅಭ್ಯಾಸ.

ಈ ಹಂತದಲ್ಲಿ ಚೆಂಡು ಕೈಯಲ್ಲಿ ಅರೆಕ್ಷಣ ನಿಂತರೆ ಅಥವಾ ಎರಡು ಕೈಗಳಿಗೆ ಒಂದರ ನಂತರ ಒಂದು ತಾಗಿದರೆ ‘ಫೌಲ್’ ಎಂದು ಪೀಪಿ ಊದುವ ಅಗತ್ಯವಿಲ್ಲ.

ಸರ್ವಿಸ್ ಹಗ್ಗ ದಾಟುವುದೇ ಇಲ್ಲ. ಎಲ್ಲಿ ತಪ್ಪಾಗುತ್ತಿದೆ?

ಬಹುತೇಕ ದೂರದಲ್ಲಿ ತಪ್ಪಾಗುತ್ತಿರುತ್ತದೆ. ಮಗುವನ್ನು ಹಿಂದಿನ ಗೆರೆಯಲ್ಲಿ ನಿಲ್ಲಿಸಿ ಸರ್ವಿಸ್ ಕಲಿಸುವ ಬದಲು ಹಗ್ಗದಿಂದ ಮೂರು ಮೀಟರ್ ದೂರದಲ್ಲಿ ನಿಲ್ಲಿಸಬೇಕು. ಮೂರು ಸಲ ಸತತವಾಗಿ ದಾಟಿಸಿದರೆ ಒಂದು ಹೆಜ್ಜೆ ಹಿಂದೆ ಹೋಗಲಿ. ಮಕ್ಕಳು ಇದನ್ನೇ ಪಂತವಾಗಿ ಮಾಡಿಕೊಂಡು ಅವಧಿ ಮುಗಿದ ಮೇಲೂ ಆಡುತ್ತಿರುತ್ತಾರೆ.

ಪ್ರಾಥಮಿಕ ಹಂತಕ್ಕೆ ಅಂಡರ್‌ಹ್ಯಾಂಡ್ ಸರ್ವಿಸ್ ಸಾಕು. ಬಲಗೈ ಮಗುವಾದರೆ ಎಡಗಾಲು ಮುಂದೆ, ಎಡ ಅಂಗೈಯಲ್ಲಿ ಚೆಂಡು, ಅದೂ ಸೊಂಟದ ಮಟ್ಟದಲ್ಲಿ, ಬಲಗೈ ಬೀಸುವ ದಾರಿಗೆ ನೇರವಾಗಿ. ಬಲಗೈ ಹಿಂದಿನಿಂದ ಬಂದು ಅಂಗೈಯ ಬುಡದಿಂದ ಚೆಂಡಿನ ಕೆಳಭಾಗಕ್ಕೆ ಹೊಡೆಯಬೇಕು, ಹೊಡೆಯುವಾಗ ಮೈಭಾರ ಮುಂದಿನ ಕಾಲಿಗೆ ಬರಬೇಕು. ಹೆಚ್ಚಿನ ಮಕ್ಕಳು ಚೆಂಡನ್ನು ಮೇಲಕ್ಕೆ ಎತ್ತರವಾಗಿ ಚಿಮ್ಮಿಸಿ, ಆಮೇಲೆ ಅದನ್ನು ಹುಡುಕುತ್ತಾ ಕೈ ಬೀಸುತ್ತಾರೆ. ಹೊಡೆತಕ್ಕೆ ತುಸು ಮೊದಲಷ್ಟೇ ಕೈ ಬಿಡಬೇಕೆಂದು ತೋರಿಸಿಕೊಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಎಡಗೈ ಮಕ್ಕಳಿಗೆ ಇದೆಲ್ಲವನ್ನೂ ತಿರುಗಿಸಿ ಹೇಳಬೇಕು. ಅವರನ್ನು ಬಲಗೈಗೆ ಒತ್ತಾಯಿಸಬಾರದು.

ಮಕ್ಕಳು ಸ್ಮ್ಯಾಷ್ ಮಾಡಲು ಹಟ ಹಿಡಿಯುತ್ತಾರೆ. ಯಾವಾಗ ಕಲಿಸಬಹುದು?

ಆರನೆಯ ತರಗತಿಗೆ ಮೊದಲು ಹಾರಿ ಹೊಡೆಯುವುದನ್ನು ಪಾಠವಾಗಿ ಕಲಿಸುವ ಅಗತ್ಯವಿಲ್ಲ. ನಿಂತಲ್ಲಿಂದಲೇ ಚೆಂಡನ್ನು ನೆಲಕ್ಕೆ ಹೊಡೆದು ಗೋಡೆಗೆ ಪುಟಿಸುವುದು ಅಲ್ಲಿಯವರೆಗೆ ಸಾಕು. ಹಾರುವುದನ್ನು ಕಲಿಸುವಾಗ ಹೊಡೆತಕ್ಕಿಂತ ಮೊದಲು ಇಳಿಯುವುದನ್ನು, ಅಂದರೆ ಮೊಣಕಾಲು ಬಾಗಿಸಿ ಎರಡೂ ಪಾದಗಳ ಮೇಲೆ ಮೃದುವಾಗಿ ಇಳಿಯುವುದನ್ನು ಕಲಿಸಬೇಕು.

ನಲವತ್ತು ನಿಮಿಷದ ಅವಧಿ, ಐವತ್ತು ಮಕ್ಕಳು. ಸಮಯವನ್ನು ಹೇಗೆ ಹಂಚಿಕೊಳ್ಳುವುದು?

ತರಗತಿಯಿಂದ ಅಂಗಳಕ್ಕೆ ಬರುವುದು, ಸಾಲು, ಹಾಜರಿ ಇವುಗಳಿಗೆ ಹೇಗಿದ್ದರೂ ಐದು ನಿಮಿಷ ಹೋಗುತ್ತದೆ. ಮೈ ಬೆಚ್ಚಗಾಗಲು ಅಂಗಳ ಸುತ್ತು ಹೊಡೆಸುವ ಬದಲು ಮುಟ್ಟಾಟವನ್ನೇ ಆಡಿಸಬಹುದು; ತಟ್ಟನೆ ನಿಲ್ಲುವುದು, ದಿಕ್ಕು ಬದಲಿಸುವುದು ಈ ಆಟಕ್ಕೂ ಬೇಕು. ಅದಾದ ಮೇಲೆ ಹನ್ನೆರಡು ನಿಮಿಷ ಒಂದೇ ಒಂದು ಕೌಶಲ. ಒಂದೇ ದಿನ ಪಾಸ್, ಸರ್ವಿಸ್, ರೊಟೇಷನ್ (ಆಟಗಾರರು ಜಾಗ ಬದಲಿಸುವ ಕ್ರಮ) ಎಲ್ಲವನ್ನೂ ತುರುಕಿದರೆ ಯಾವುದೂ ಉಳಿಯುವುದಿಲ್ಲ. ಉಳಿದ ಹದಿನೈದರಿಂದ ಹದಿನೆಂಟು ನಿಮಿಷ ಪುಟ್ಟ ಅಂಕಣಗಳಲ್ಲಿ ಆಟವೇ ನಡೆಯಬೇಕು; ಅದನ್ನು ಮಾತ್ರ ಯಾವ ಕಾರಣಕ್ಕೂ ಕಡಿತಗೊಳಿಸಬಾರದು, ಏಕೆಂದರೆ ಮಕ್ಕಳು ಅಂಗಳಕ್ಕೆ ಓಡಿ ಬಂದಿದ್ದೇ ಅದಕ್ಕಾಗಿ.

ನಾಲ್ಕು ಅಂಕಣಗಳಲ್ಲಿ ಇಪ್ಪತ್ತನಾಲ್ಕು ಮಂದಿ ಆಡುವಾಗ ಉಳಿದ ಅರ್ಧದಷ್ಟು ಮಕ್ಕಳು ಗೋಡೆಯ ಬಳಿ ಚೆಂಡು ಅಭ್ಯಾಸ ಮಾಡಬಹುದು, ಕೆಲವರು ಅಂಕ ಎಣಿಸಬಹುದು ಅಥವಾ ಗೆರೆ ನೋಡುವ ಅಂಪೈರ್‌ಗಳಾಗಬಹುದು. ನಾಲ್ಕು ನಿಮಿಷಕ್ಕೊಮ್ಮೆ ಪೀಪಿ ಊದಿ ಅದಲು ಬದಲು ಮಾಡಬೇಕು. ‘ಸೋತ ತಂಡ ಹೊರಗೆ’ ಎಂಬ ಪದ್ಧತಿಯನ್ನು ಕೈಬಿಡುವುದು ಒಳಿತು. ಹೆಚ್ಚು ಅಭ್ಯಾಸ ಬೇಕಾದ ಮಕ್ಕಳೇ ಅದರಿಂದ ಹೊರಗುಳಿಯುತ್ತಾರೆ. ಬೆಂಗಳೂರಿನ ಬೇಸಿಗೆ ಹಿತಕರವೆಂದು ಎಷ್ಟೇ ಹೇಳಿಕೊಂಡರೂ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನದ ಸಿಮೆಂಟ್ ಅಂಗಳ ಆಟಕ್ಕೆ ಯೋಗ್ಯವಲ್ಲ. ಆ ತಿಂಗಳುಗಳಲ್ಲಿ ಶನಿವಾರದ ಬೆಳಗಿನ ಶಾಲೆಯ ಅವಧಿಯನ್ನು ಬಳಸಿಕೊಳ್ಳಬಹುದು. ಬಿಳಿ ಸಮವಸ್ತ್ರಕ್ಕೆ ಕೆಮ್ಮಣ್ಣು ಮೆತ್ತಿದ್ದಕ್ಕೆ ಬರುವ ದೂರುಗಳಿಗೆ ಮಾತ್ರ ಸಿದ್ಧರಿರಬೇಕು.

ಮಕ್ಕಳಿಗೆ ಎಷ್ಟು ನಿಯಮಗಳನ್ನು ಹೇಳಿಕೊಡಬೇಕು?

ಆರಂಭಕ್ಕೆ ನಾಲ್ಕು ಸಾಕು: ಒಂದು ತಂಡಕ್ಕೆ ಮೂರೇ ಸ್ಪರ್ಶ, ಒಬ್ಬರೇ ಸತತ ಎರಡು ಸಲ ಮುಟ್ಟುವಂತಿಲ್ಲ, ಗೆರೆಯ ಮೇಲೆ ಬಿದ್ದ ಚೆಂಡು ಒಳಗೇ, ಹಗ್ಗವನ್ನು ಮುಟ್ಟುವಂತಿಲ್ಲ. ಉಳಿದವು ಆಟದೊಳಗೆ ಪ್ರಶ್ನೆ ಎದ್ದಾಗ ಬರಲಿ.

ಆದರೆ ಶಿಕ್ಷಕರು ಮತ್ತು ಪೋಷಕರು ತಮ್ಮ ಕಾಲದ ನಿಯಮಗಳನ್ನೇ ಹೇಳುವುದರಿಂದ ಗೊಂದಲವಾಗುವುದುಂಟು. ಹಿಂದೆ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು, ಸೆಟ್ 15 ಅಂಕಗಳಿಗೆ ಮುಗಿಯುತ್ತಿತ್ತು. ಈಗ ಪ್ರತಿ ರ‍್ಯಾಲಿಗೂ, ಅಂದರೆ ಸರ್ವಿಸ್‌ನಿಂದ ಆಟ ನಿಲ್ಲುವವರೆಗಿನ ಪ್ರತಿ ಸುತ್ತಿಗೂ, ಅಂಕವಿದೆ. ಸೆಟ್ 25ಕ್ಕೆ, ನಿರ್ಣಾಯಕ ಐದನೆಯ ಸೆಟ್ 15ಕ್ಕೆ, ಎರಡರಲ್ಲೂ ಎರಡು ಅಂಕಗಳ ಮುನ್ನಡೆ ಇರಬೇಕು. ನೆಟ್ ಸವರಿ ಆಚೆಗೆ ಬಿದ್ದ ಸರ್ವಿಸ್ ಈಗ ಸರಿಯಾದ ಸರ್ವಿಸ್. ಕಾಲಿಗೆ ತಾಗಿದ ಚೆಂಡೂ ಆಟದಲ್ಲಿಯೇ ಇರುತ್ತದೆ. ಪುಟ್ಟ ಅಂಕಣದ ಪಂದ್ಯಗಳಿಗೆ 25 ಅಂಕ ತೀರಾ ಉದ್ದವಾಗುವುದರಿಂದ ಸಮಯ ಗೊತ್ತುಪಡಿಸಿ ಆಡಿಸುವುದು ಅನುಕೂಲ.

ರೊಟೇಷನ್ ಮಕ್ಕಳಿಗೆ ಅರ್ಥವಾಗುತ್ತಿಲ್ಲ. ಬಿಟ್ಟುಬಿಡಬಹುದೇ?

ಬಿಡಬಾರದು, ಏಕೆಂದರೆ ಎಲ್ಲರೂ ಎಲ್ಲ ಜಾಗದಲ್ಲಿ ಆಡುವಂತೆ ಮಾಡುವುದು ಈ ನಿಯಮವೇ. ಮೂವರ ತಂಡದಿಂದ ಆರಂಭಿಸಿದರೆ ಗೊಂದಲವಿರುವುದಿಲ್ಲ: ಇಬ್ಬರು ಮುಂದೆ, ಒಬ್ಬರು ಹಿಂದೆ, ಹಿಂದಿರುವವರದೇ ಸರ್ವಿಸ್, ಎದುರಾಳಿಯಿಂದ ಸರ್ವಿಸ್ ಗೆದ್ದಾಗಲೆಲ್ಲ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದು ಜಾಗ ಸರಿಯಬೇಕು. ನೆಲದ ಮೇಲೆ ಮೂರು ವೃತ್ತ ಮತ್ತು ಬಾಣದ ಗುರುತು ಬರೆದಿಟ್ಟರೆ ಎರಡನೆಯ ದಿನಕ್ಕೆ ಮಕ್ಕಳೇ ಒಬ್ಬರನ್ನೊಬ್ಬರು ತಿದ್ದುತ್ತಾರೆ. ಆರು ಜನರ ಪೂರ್ಣ ಆಟಕ್ಕೆ ಏಳನೆಯ ತರಗತಿಯಲ್ಲಿ ಹೋದಾಗ ಹಿಂದಿನ ಸಾಲಿನ ಬಲ ಮೂಲೆಯಿಂದ ಸರ್ವಿಸ್ ಎಂಬುದನ್ನು ಸೇರಿಸಿದರೆ ಆಯಿತು.

ಹುಡುಗರು ಮತ್ತು ಹುಡುಗಿಯರನ್ನು ಒಟ್ಟಿಗೆ ಆಡಿಸಬಹುದೇ?

ಆಡಿಸಬಹುದು, ಆಡಿಸಬೇಕು. ನೆಟ್‌ನ ಎರಡು ಬದಿಗೆ ಆಡುವ ಆಟವಾದ್ದರಿಂದ ಮೈಗೆ ಮೈ ತಾಗುವ ಪ್ರಶ್ನೆಯೂ ಇಲ್ಲ. ಆದರೆ ಕೆಲವರೇ ಎಲ್ಲ ಚೆಂಡುಗಳಿಗೂ ನುಗ್ಗುವುದನ್ನು ತಡೆಯಲು, ಚೆಂಡು ಆಚೆಗೆ ಹೋಗುವ ಮುನ್ನ ಕನಿಷ್ಠ ಇಬ್ಬರಾದರೂ ಮುಟ್ಟಿರಬೇಕೆಂಬ ನಿಯಮ ಇರಲಿ.

ಮಗುವಿನ ಕೈ ಕೆಂಪಾಗಿದೆ, ಚೆಂಡೆಂದರೆ ಹೆದರುತ್ತಿದೆ ಎಂದು ಪೋಷಕರು ದೂರುತ್ತಾರೆ. ಇದು ಸಹಜವೇ?

ಆರಂಭದ ದಿನಗಳಲ್ಲಿ ಮುಂಗೈ ತುಸು ಕೆಂಪಾಗುವುದು ಸಹಜ, ಕೆಲವು ಹೊತ್ತಿನಲ್ಲಿ ಇಳಿಯುತ್ತದೆ. ಮರುದಿನವೂ ನೋವಿದ್ದರೆ ಅಥವಾ ಹೆಪ್ಪುಗಟ್ಟಿದಂತೆ ನೀಲಿಯಾಗಿದ್ದರೆ ಚೆಂಡು ಭಾರವಾಗಿದೆ ಎಂದು ತಿಳಿಯಬೇಕು, ದೋಷ ಮಗುವಿನದಲ್ಲ. ಹೆದರುವ ಮಗುವಿಗೆ ಬಲೂನನ್ನೇ ಮತ್ತೆ ಕೊಡಬೇಕು, ಅದೂ ಎಲ್ಲರೆದುರು ಪ್ರತ್ಯೇಕಿಸದೆ, ಇಡೀ ತರಗತಿಗೆ ಒಂದು ದಿನ ಬಲೂನಿನ ಆಟವಿಟ್ಟು. ಉದ್ದ ತೋಳಿನ ಅಂಗಿ ತೊಡಿಸಿ ಕಳುಹಿಸಲು ಪೋಷಕರಿಗೆ ಹೇಳಬಹುದು.

ಯಾವ ಗಾಯಗಳ ಬಗ್ಗೆ ಎಚ್ಚರ ವಹಿಸಬೇಕು?

ಬೆರಳು ಮತ್ತು ಕಾಲಿನ ಹರಡು, ಇವೆರಡೇ ಮುಖ್ಯ. ಬೆರಳ ತುದಿಗೆ ಚೆಂಡು ಬಡಿದು ಊದಿಕೊಂಡಾಗ ‘ಎಳೆದು ಸರಿ ಮಾಡುವ’ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ಅದನ್ನು ಖಂಡಿತ ಮಾಡಕೂಡದು. ಮೂಳೆ ಬಿರುಕು ಬಿಟ್ಟಿದ್ದರೆ ಅಥವಾ ಕೀಲು ತಪ್ಪಿದ್ದರೆ ಎಳೆತದಿಂದ ಹಾನಿ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟು, ಬೆರಳನ್ನು ಅಲುಗಾಡಿಸದೆ ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿ, ಬೆರಳು ಡೊಂಕಾಗಿ ಕಂಡರೆ ಅಥವಾ ಮಡಿಸಲು ಆಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಹರಡು ಉಳುಕುವುದು ಹೆಚ್ಚಾಗಿ ಉರುಳಿ ಬಂದ ಚೆಂಡಿನ ಮೇಲೆ ಕಾಲಿಟ್ಟಾಗ. ಪಕ್ಕದ ಅಂಕಣದ ಚೆಂಡು ಒಳಗೆ ಬಂದ ತಕ್ಷಣ ಯಾರು ಬೇಕಾದರೂ ‘ಬಾಲ್’ ಎಂದು ಕೂಗಬೇಕು, ಕೂಗಿದೊಡನೆ ಆಟ ನಿಲ್ಲಬೇಕು ಎಂಬ ಕಟ್ಟುನಿಟ್ಟಿನ ರೂಢಿ ಮೊದಲ ದಿನದಿಂದಲೇ ಬರಲಿ. ಬಳೆ, ಜುಮುಕಿ, ಉಂಗುರ, ಕತ್ತಿನ ದಾರಗಳನ್ನು ತೆಗೆದಿಡಿಸಿ, ಉಗುರು ಕತ್ತರಿಸಿದೆಯೇ ಎಂದು ನೋಡಬೇಕು. ಹಗ್ಗಕ್ಕೆ ಜೋತುಬೀಳಲು ಯಾರಿಗೂ ಬಿಡಬಾರದು.

ಮಳೆ ಬಂದರೆ ಅವಧಿ ವ್ಯರ್ಥವಾಗುತ್ತದೆಯಲ್ಲ?

ಬೆಂಚುಗಳನ್ನು ಗೋಡೆಗೆ ಸರಿಸಿ, ಕಿಟಕಿಯಿಂದ ಕಿಟಕಿಗೆ ದಾರ ಕಟ್ಟಿ, ಬಲೂನಿನ ಆಟ ಆಡಿಸಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಧ್ಯಾಹ್ನದ ನಂತರದ ಮಳೆಯನ್ನು ನಂಬಿಕೊಂಡೇ ಪಾಠ ಯೋಜನೆ ಮಾಡಬೇಕಾದ ಊರಿನಲ್ಲಿ ಇದಕ್ಕೆ ಸಾಮಗ್ರಿ ಸದಾ ಸಿದ್ಧವಿರಬೇಕು. ಒದ್ದೆ ಸಿಮೆಂಟಿನ ಮೇಲೆ ಮಾತ್ರ ಆಡಿಸಬಾರದು.

ಅಂಗವೈಕಲ್ಯವಿರುವ ಮಕ್ಕಳನ್ನು ಈ ಆಟದಲ್ಲಿ ಹೇಗೆ ಸೇರಿಸಿಕೊಳ್ಳುವುದು?

ಕುಳಿತು ಆಡುವ ವಾಲಿಬಾಲ್ 1980ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ; 2004ರಿಂದ ಮಹಿಳೆಯರ ವಿಭಾಗವೂ ಇದೆ. ಅದರ ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್ ಪುರುಷರಿಗೆ 1.15 ಮೀಟರ್, ಮಹಿಳೆಯರಿಗೆ 1.05 ಮೀಟರ್. ಕಾಲಿನ ತೊಂದರೆಯಿರುವ ಒಂದು ಮಗುವಿಗಾಗಿ ‘ರಿಯಾಯಿತಿ’ ಕೊಡುವ ಬದಲು ಇಡೀ ತರಗತಿಯೇ ತಿಂಗಳಿಗೆ ಒಂದೆರಡು ಸಲ ಜಮಖಾನದ ಮೇಲೆ ಕುಳಿತು ಈ ಆಟವನ್ನು ಆಡಬಹುದು. ಓಡಿ ಸುಧಾರಿಸಿಕೊಳ್ಳುವ ಅವಕಾಶವೇ ಇಲ್ಲದ ಈ ಆಟದಲ್ಲಿ ಬೆರಳಿನ ಪಾಸ್ ಎಲ್ಲರಿಗೂ ಚುರುಕಾಗುತ್ತದೆ. ದೃಷ್ಟಿ ಮಂದವಿರುವ ಮಕ್ಕಳಿಗೆ ಗಾಢ ಹಳದಿ ಬಣ್ಣದ ದೊಡ್ಡ ಬೀಚ್ ಚೆಂಡು ಮತ್ತು ಒಂದು ಪುಟಿತದ ಅವಕಾಶ ನೆರವಾಗುತ್ತವೆ.

ಮಕ್ಕಳ ಕಲಿಕೆಯನ್ನು ಹೇಗೆ ಅಳೆಯಬೇಕು?

ಗೆದ್ದ ಪಂದ್ಯಗಳನ್ನು ಎಣಿಸುವುದು ಈ ವಯಸ್ಸಿಗೆ ಸಲ್ಲದು. ಚೆಂಡು ಬರುವ ಮೊದಲು ಮಗು ಕಾಲು ಸರಿಸುತ್ತಿದೆಯೇ, ‘ನಂದು’ ಎಂದು ಕೂಗಿ ಹೇಳುತ್ತಿದೆಯೇ, ಪಾಸ್ ಸಂಗಡಿಗರಿಗೆ ಎಟಕುವಷ್ಟು ಎತ್ತರಕ್ಕೆ ಹೋಗುತ್ತಿದೆಯೇ ಎಂದು ನೋಡಬೇಕು. ಮೊದಲನೆಯದಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಕಾಲು ಸರಿಯುವ ಮಗುವಿನ ಕೈ ಇಂದಲ್ಲ ನಾಳೆ ಸರಿಯಾಗುತ್ತದೆ. ಜೋಡಿಗಳು ಚೆಂಡನ್ನು ಬೀಳಿಸದೆ ಎಷ್ಟು ಸಲ ಪಾಸ್ ಮಾಡಿದರೆಂದು ಅವರೇ ಎಣಿಸಿ ನೋಟ್ ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ತಿಂಗಳು ತಮ್ಮ ಹಳೆಯ ಸಂಖ್ಯೆಯೊಡನೆಯೇ ಅವರ ಸ್ಪರ್ಧೆ.

ಆಸಕ್ತಿ ತೋರಿಸುವ ಮಕ್ಕಳಿಗೆ ಮುಂದೆ ಬೆಂಗಳೂರಿನಲ್ಲಿ ಏನು ಅವಕಾಶಗಳಿವೆ?

ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳಲ್ಲಿ ವಾಲಿಬಾಲ್ ಇದ್ದು, ಕೆಳಹಂತದಲ್ಲಿ ಗೆದ್ದವರು ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟಗಳಿಗೆ ಏರುತ್ತಾರೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ ಕ್ರೀಡಾ ನಿಲಯಗಳಿಗೆ ಆಯ್ಕೆಗಳು ನಡೆಯುವಾಗ ಪ್ರಕಟಣೆ ಹೊರಡುತ್ತದೆ. ಶಿಕ್ಷಕರು ಅದರ ಮೇಲೆ ಕಣ್ಣಿಟ್ಟಿರಬೇಕು. ಅನೇಕ ಬಡಾವಣೆಗಳ ಮೈದಾನಗಳಲ್ಲಿ ಸಂಜೆ ಹೊತ್ತು ಆಡುವ ಹಳೆಯ ಆಟಗಾರರ ಗುಂಪುಗಳು ಚುರುಕಾದ ಮಕ್ಕಳನ್ನು ಸಂತೋಷದಿಂದ ಸೇರಿಸಿಕೊಳ್ಳುತ್ತವೆ, ಪೋಷಕರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ದೊಡ್ಡ ಆಟವನ್ನು ಕಣ್ಣಾರೆ ನೋಡುವುದೂ ಕಲಿಕೆಯೇ. 2023ರ ಡಿಸೆಂಬರ್‌ನಲ್ಲಿ ಪುರುಷರ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿಯೇ ನಡೆದು ಇಟಲಿಯ ಪೆರೂಜಿಯಾ ತಂಡ ಗೆದ್ದಿತ್ತು. ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ನಗರಕ್ಕೆ ಬೆಂಗಳೂರು ಟಾರ್ಪಿಡೋಸ್ ಎಂಬ ಸ್ವಂತ ತಂಡವಿದೆ. ಪಂದ್ಯವನ್ನು ಟಿ.ವಿ.ಯಲ್ಲಿ ತೋರಿಸುವಾಗ ಮಕ್ಕಳ ಕಣ್ಣು ಸಹಜವಾಗಿ ಸ್ಮ್ಯಾಷ್ ಮಾಡುವವರ ಮೇಲೆಯೇ ಇರುತ್ತದೆ. ಒಂದು ಸೆಟ್ಟಿನಷ್ಟು ಹೊತ್ತು ಬೇರೆ ಬಣ್ಣದ ಅಂಗಿ ತೊಟ್ಟ ಲಿಬೆರೋನನ್ನು (ಹಿಂದಿನ ಸಾಲಿನಲ್ಲಿ ರಕ್ಷಣೆಗಷ್ಟೇ ಆಡುವ ಆಟಗಾರನನ್ನು) ಮಾತ್ರ ನೋಡುತ್ತಿರಲು ಹೇಳಿ, ಚೆಂಡು ಬರುವ ಮೊದಲು ಆತನ ಪಾದಗಳು ಏನು ಮಾಡುತ್ತವೆ ಎಂದು ಮರುದಿನ ಕೇಳಬಹುದು.